ಚೂಡಿ, ಆಟೆ, ಮರೈ: ಎಂಜಿಬಿ ಕಾರಿನ ಆಯಿಲ್ ಫಿಲ್ಟರ್ ಚರಿತ್ರೆ

1962ರಿಂದ ಮೊದಲ ಕೆಲವು ವರ್ಷ ತಯಾರಾದ ಎಂಜಿಬಿ ಕಾರಿನ ಆಯಿಲ್ ಬದಲಿಸಲು ಕೂರುವವರು ಸ್ಪ್ಯಾನರ್ ಜೊತೆಗೆ ಒಂದು ದಪ್ಪ ಸೂಜಿಯನ್ನೂ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಎಂಜಿನ್ನಿನ ಬಲಮಗ್ಗುಲಲ್ಲಿ ಲೋಟ ನೇತುಹಾಕಿದ ಹಾಗೆ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಅದರ ತಳದಿಂದ ಮೇಲಿನವರೆಗೆ ಒಂದು ಉದ್ದನೆಯ ಬೋಲ್ಟ್ ಹಾದು, ಎಂಜಿನ್ನಿಗೆ ಕೂತಿರುವ ಎರಕದ ತಲೆಯೊಳಗೆ ಸೇರುತ್ತದೆ. ಬೋಲ್ಟ್ ಬಿಚ್ಚಿದರೆ ಡಬ್ಬಿ ಕೈಗೆ ಬರುತ್ತದೆ, ಜೊತೆಗೆ ಮೊಣಕೈವರೆಗೆ ಇಳಿಯುವಷ್ಟು ಬಿಸಿ ಆಯಿಲ್ಲೂ ಬರುತ್ತದೆ. ಒಳಗಿನ ಕಾಗದದ ಎಲಿಮೆಂಟನ್ನು ಎಸೆದು, ಸ್ಪ್ರಿಂಗು, ವಾಷರು, ಒತ್ತುತಟ್ಟೆಗಳನ್ನು ತೊಳೆದು, ಬಿಚ್ಚಿದ ಕ್ರಮದಲ್ಲೇ ಮತ್ತೆ ಜೋಡಿಸಬೇಕು. ಒಂದು ವಾಷರ್ ಎಲಿಮೆಂಟಿಗೆ ಅಂಟಿಕೊಂಡು ಕಸದ ಬುಟ್ಟಿಗೆ ಹೋದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಾರು ಓಡುತ್ತದೆ, ಆಯಿಲ್ ಪ್ರೆಷರ್ ಕೂಡ ಸರಿಯಾಗಿ ಕಾಣುತ್ತದೆ. ಆದರೆ ಆಯಿಲ್ ಎಲಿಮೆಂಟಿನ ಪಕ್ಕದಿಂದ ನುಸುಳಿ, ಸೋಸದೆಯೇ ಬೇರಿಂಗುಗಳಿಗೆ ಹೋಗುತ್ತಿರುತ್ತದೆ.

ಸೂಜಿ ಬೇಕಾಗುವುದು ಇದಾದ ಮೇಲೆ. ಡಬ್ಬಿಯ ಬಾಯಿ ಕೂರುವ ಜಾಗದಲ್ಲಿ, ತಲೆಯೊಳಗೆ ಒಂದು ಸಣ್ಣ ಗಾಡಿ ಇದೆ. ಅದರಲ್ಲಿ ರಬ್ಬರ್ ರಿಂಗ್. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಆ ರಿಂಗು ಗಟ್ಟಿಯಾಗಿ, ಕಬ್ಬಿಣದ ಬಣ್ಣಕ್ಕೇ ತಿರುಗಿ, ಅಲ್ಲೊಂದು ರಿಂಗ್ ಇದೆ ಎನ್ನುವುದೇ ಕಾಣದಂತಾಗುತ್ತದೆ. ಕಾರಿನ ಕೆಳಗೆ ಅಂಗಾತ ಮಲಗಿ ಅದನ್ನು ಸೂಜಿಯಿಂದ ಕೆದಕಿ ತೆಗೆಯಬೇಕು. ತೆಗೆದಾಯಿತು ಎಂದುಕೊಂಡು ಹಳೆಯದರ ಮೇಲೆಯೇ ಹೊಸ ರಿಂಗ್ ಇಟ್ಟು ಬಿಗಿದವರು ಬಹಳ. ಎಂಜಿನ್ ಶುರು ಮಾಡಿದ ಕೆಲವೇ ಕ್ಷಣಗಳಲ್ಲಿ ನೆಲದ ಮೇಲೆ ಕಪ್ಪು ಕೆರೆ ನಿಲ್ಲುತ್ತದೆ.

ಈ ಒಂದು ರಬ್ಬರ್ ರಿಂಗಿನ ಕಾಟದಿಂದ ತಪ್ಪಿಸಿಕೊಳ್ಳಲು ಕಳೆದ ಹಲವು ದಶಕಗಳಲ್ಲಿ ಒಂದು ಸಣ್ಣ ಉದ್ಯಮವೇ ಬೆಳೆದಿದೆ. ಹಳೆಯ ಡಬ್ಬಿಯ ಜಾಗದಲ್ಲಿ ಈಗಿನ ಕಾರುಗಳಂತೆ ತಿರುಗಿಸಿ ಕೂರಿಸುವ ಫಿಲ್ಟರ್ ಹಾಕಲು ಬೇಕಾದ ಅಡಾಪ್ಟರುಗಳು, ತಲೆಗಳು, ತಟ್ಟೆಗಳು, ಹೋಸುಗಳು ಬ್ರಿಟನ್ ಮತ್ತು ಅಮೆರಿಕದ ಬಿಡಿಭಾಗದ ವ್ಯಾಪಾರಿಗಳಲ್ಲಿ ಹತ್ತಾರು ಬಗೆಯಲ್ಲಿ ಸಿಗುತ್ತವೆ. ಕಾರು ಕಟ್ಟಿದ ಕಂಪನಿ ಮಾಡಿದವು ಇವಲ್ಲ. ಯಾವುದನ್ನು ಕೊಳ್ಳಬೇಕು ಎನ್ನುವ ಪ್ರಶ್ನೆ ಹವ್ಯಾಸಿಗಳ ತಲೆನೋವು. ಆದರೆ ಅದಕ್ಕೆ ಉತ್ತರ ಹುಡುಕಲು ಹೊರಟರೆ ಸುಮಾರು ನೂರು ವರ್ಷಗಳ ಚರಿತ್ರೆಯ ದಾರಿಯಲ್ಲಿ ನಡೆಯಬೇಕಾಗುತ್ತದೆ.

ಎಂಜಿಬಿ ಭಾರತದ ರಸ್ತೆಗಳಲ್ಲಿ ಅಪರೂಪದ ಕಾರು. ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಎಂಜಿ ಎಂದರೆ ಗುಜರಾತಿನ ಹಾಲೋಲಿನಲ್ಲಿ ತಯಾರಾಗಿ 2019ರಿಂದ ಮಾರಾಟವಾಗುತ್ತಿರುವ ದೊಡ್ಡ ಗಾಡಿಗಳು ನೆನಪಾಗುತ್ತವೆ. ಹೆಸರು ಅದೇ, ವಂಶ ಬೇರೆ. ಎಂಜಿಬಿಯ ನಿಜವಾದ ನೆಂಟ ಇಲ್ಲೇ, ನಮ್ಮ ಬೀದಿಗಳಲ್ಲೇ ಅರ್ಧ ಶತಮಾನ ಓಡಾಡಿದ್ದಾನೆ. ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಅದು. ಮೊದಲು ಹಳೆಯ ಸೈಡ್ ವಾಲ್ವ್ ಎಂಜಿನ್‌ನೊಂದಿಗೆ ಬಂದ ಈ ಕಾರಿಗೆ ಸ್ವಲ್ಪ ಸಮಯದಲ್ಲೇ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 1489 ಸಿಸಿ ಎಂಜಿನ್ ಬಂತು. ಬಿ-ಸೀರೀಸ್ ಎಂಬುದು ಅದರ ಹೆಸರು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಅದೇ 1489 ಸಿಸಿಯ ಬಿ-ಸೀರೀಸ್. ಅದನ್ನೇ ಹಂತಹಂತವಾಗಿ ಕೊರೆದು ದೊಡ್ಡದು ಮಾಡಿ 1798 ಸಿಸಿಗೆ ತಂದಾಗ ಎಂಜಿಬಿಯ ಎಂಜಿನ್ ಆಯಿತು. ಸಿಲಿಂಡರಿನ ಅಗಲ ಹೆಚ್ಚಿತು, ಪಿಸ್ಟನ್ ಓಡಾಡುವ ದೂರ ಮಾತ್ರ ಎರಡರಲ್ಲೂ 88.9 ಮಿಲಿಮೀಟರ್. ಇಂಚಿನಲ್ಲಿ ಹೇಳಿದರೆ ಸರಿಯಾಗಿ ಮೂರೂವರೆ. ಸರ್ಕಾರಿ ಬಿಳಿ ಅಂಬಾಸಡರಿನ ಬಾನೆಟ್ ಎತ್ತಿ ನೋಡಿದ್ದ ದೆಹಲಿಯ ಯಾವ ಮೆಕ್ಯಾನಿಕ್ಕಿಗೂ ಎಂಜಿಬಿಯ ಎಂಜಿನ್ ಅಪರಿಚಿತ ಅನ್ನಿಸಲಿಕ್ಕಿಲ್ಲ.

ಮೊದಲ ಕಾರುಗಳಿಗೆ ಆಯಿಲ್ ಫಿಲ್ಟರ್ ಎನ್ನುವುದೇ ಇರಲಿಲ್ಲ. 1908ರಿಂದ 1927ರವರೆಗೆ ಕೋಟಿಗೂ ಮೀರಿ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಆಯಿಲ್ ಎಂಜಿನ್ನಿನೊಳಗೆ ಎರಚಿಕೊಂಡು ಓಡಾಡುತ್ತಿತ್ತು, ಕೊಳೆಯೂ ಅದರ ಜೊತೆಗೇ ಓಡಾಡುತ್ತಿತ್ತು. ಕೆಲವೇ ನೂರು ಮೈಲಿಗೊಮ್ಮೆ ಆಯಿಲ್ ಚೆಲ್ಲಿ ಹೊಸದು ಹಾಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬ ಎಂಜಿನಿಯರು ಜಾರ್ಜ್ ಗ್ರೀನ್‌ಹಾಲ್ಘ್ ಜೊತೆ ಸೇರಿ 1920ರ ದಶಕದ ಮೊದಲ ವರ್ಷಗಳಲ್ಲಿ ಕಾರಿಗೊಂದು ಆಯಿಲ್ ಸೋಸುವ ಸಾಧನ ರೂಪಿಸಿದರು. ಅದಕ್ಕಿಟ್ಟ ಹೆಸರು ಪ್ಯೂರೋಲೇಟರ್. ಪ್ಯೂರ್, ಆಯಿಲ್, ಲೇಟರ್ ಎಂಬ ಮೂರು ಪದಗಳನ್ನು ಒತ್ತಿ ಒಂದಾಗಿಸಿದ್ದು. 'ಆಮೇಲೆ ಶುದ್ಧ ಎಣ್ಣೆ' ಎಂದು ಅದಕ್ಕೆ ಅರ್ಥ. ಈ ಬೆರಕೆ ಹೆಸರು ಎಷ್ಟು ಸಹಜವಾಗಿ ಕೇಳಿಸುತ್ತದೆಂದರೆ, ಅದನ್ನು ಹಳೆಯ ಲ್ಯಾಟಿನ್ ಪದವೆಂದೇ ನಂಬಿದವರಿದ್ದರೆ ತಪ್ಪೇನಿಲ್ಲ. 1924ರಲ್ಲಿ ವಾಲ್ಟರ್ ಕ್ರೈಸ್ಲರ್ ತನ್ನ ಹೆಸರಿನ ಮೊದಲ ಕಾರು ತಂದಾಗ ಅದರಲ್ಲಿ ಆಯಿಲ್ ಫಿಲ್ಟರ್ ಇತ್ತು.

ಆದರೆ ಆ ಫಿಲ್ಟರ್ ಎಂಜಿನ್ನಿಗೆ ಹೋಗುವ ಆಯಿಲ್ ಎಲ್ಲವನ್ನೂ ಸೋಸುತ್ತಿರಲಿಲ್ಲ. ಪಂಪಿನಿಂದ ಬಂದ ಆಯಿಲ್ಲಿನ ಒಂದು ಸಣ್ಣ ಪಾಲು ಪಕ್ಕದ ಕಾಲುವೆಯಲ್ಲಿ ಹೋದ ಹಾಗೆ ಫಿಲ್ಟರಿಗೆ ಹೋಗಿ, ಸೋಸಿಕೊಂಡು ಮತ್ತೆ ಸಂಪಿಗೆ ಬೀಳುತ್ತಿತ್ತು. ಉಳಿದ ದೊಡ್ಡ ಪಾಲು ನೇರವಾಗಿ ಬೇರಿಂಗುಗಳಿಗೆ. ಇದಕ್ಕೆ ಬೈಪಾಸ್ ಪದ್ಧತಿ ಎನ್ನುತ್ತಾರೆ. ನಿಧಾನವಾಗಿ, ಹಲವು ಸುತ್ತಿನಲ್ಲಿ, ಎಲ್ಲ ಆಯಿಲ್ಲೂ ಒಂದಲ್ಲ ಒಂದು ಸಲ ಫಿಲ್ಟರಿನ ಮೂಲಕ ಹೋದೀತು ಎಂಬ ಲೆಕ್ಕಾಚಾರ. ಆಗಿನ ಆಯಿಲ್ಲಿಗೆ ಇದು ತಕ್ಕಮಟ್ಟಿಗೆ ಒಗ್ಗುತ್ತಿತ್ತು. ಅದರಲ್ಲಿ ಕೊಳೆಯನ್ನು ತೇಲಿಸಿ ಇಡುವ ಮಾರ್ಜಕ ಇರಲಿಲ್ಲವಾದ್ದರಿಂದ ಬಹಳಷ್ಟು ಕೆಸರು ಸಂಪಿನ ತಳದಲ್ಲೇ ಕೂತುಬಿಡುತ್ತಿತ್ತು. ಮಾರ್ಜಕ ಬೆರೆಸಿದ ಆಯಿಲ್ಲುಗಳು ಬಂದಮೇಲೆ ಕೊಳೆ ತಳ ಸೇರದೆ ಆಯಿಲ್ಲಿನಲ್ಲೇ ಸುತ್ತತೊಡಗಿತು. ಎಂಜಿನ್ನುಗಳ ವೇಗವೂ ಹೆಚ್ಚಿತು, ಬೇರಿಂಗುಗಳ ಒಳಗಿನ ಸಂದು ಕಿರಿದಾಯಿತು. ಆಗ ಇಡೀ ಆಯಿಲ್ಲನ್ನು ಬೇರಿಂಗಿಗೆ ಮುಟ್ಟುವ ಮೊದಲೇ ಸೋಸುವ ಫುಲ್ ಫ್ಲೋ ಪದ್ಧತಿ ಬಂತು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅದು ನಿಧಾನವಾಗಿ ಎಲ್ಲ ಕಡೆ ಹರಡಿತು.

ಫುಲ್ ಫ್ಲೋ ಬಂದಾಗ ಹೊಸದೊಂದು ಭಯವೂ ಬಂತು. ಎಲ್ಲ ಆಯಿಲ್ಲೂ ಒಂದೇ ಬಾಗಿಲಿನಿಂದ ಹೋಗಬೇಕಾದರೆ, ಆ ಬಾಗಿಲು ಮುಚ್ಚಿಕೊಂಡರೆ? ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಚಳಿಗಾಲದ ಬೆಳಗ್ಗೆ ಆಯಿಲ್ ಜೇನಿನಷ್ಟು ಮಂದವಾದರೆ, ಬೇರಿಂಗಿಗೆ ಏನೂ ತಲುಪುವುದಿಲ್ಲ. ಅದಕ್ಕಾಗಿ ಒಂದು ಸಣ್ಣ ಸ್ಪ್ರಿಂಗ್ ವಾಲ್ವ್ ಇಟ್ಟರು. ಫಿಲ್ಟರಿನ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸ ಹೆಚ್ಚಾದರೆ ಅದು ತೆರೆದು ಸೋಸದ ಆಯಿಲ್ಲನ್ನೇ ಒಳಗೆ ಬಿಡುತ್ತದೆ. ಕೊಳಕು ಆಯಿಲ್ ಕೆಟ್ಟದ್ದು, ಆದರೆ ಆಯಿಲ್ಲೇ ಇಲ್ಲದಿರುವುದಕ್ಕಿಂತ ವಾಸಿ. ಈ ವಾಲ್ವ್ ಕೆಲವು ಎಂಜಿನ್ನುಗಳಲ್ಲಿ ಫಿಲ್ಟರ್ ಕೂರುವ ತಲೆಯಲ್ಲಿ ಇರುತ್ತದೆ, ಕೆಲವು ಕಡೆ ಫಿಲ್ಟರಿನೊಳಗೇ. ಎಲ್ಲಿದೆ ಎಂಬುದು ಅಡಾಪ್ಟರ್ ಕೊಳ್ಳುವ ದಿನದವರೆಗೆ ಯಾರಿಗೂ ಮುಖ್ಯ ಅನ್ನಿಸುವುದಿಲ್ಲ.

1954ರಲ್ಲಿ ಅಮೆರಿಕದ ವಿಕ್ಸ್ ಕಂಪನಿ ಡಬ್ಬಿ, ಎಲಿಮೆಂಟ್, ರಬ್ಬರ್ ರಿಂಗ್ ಮೂರನ್ನೂ ಒಂದು ಮಾಡಿ, ಕೈಯಲ್ಲಿ ತಿರುಗಿಸಿ ಕೂರಿಸಿ, ಹಳೆಯದಾದಾಗ ಹಾಗೆಯೇ ಎಸೆಯುವ ಫಿಲ್ಟರನ್ನು ತಂದಿತು. ಸ್ಪಿನ್-ಆನ್ ಎಂದು ಅದಕ್ಕೆ ಹೆಸರು. ತೊಳೆಯುವುದು, ವಾಷರ್ ಹುಡುಕುವುದು, ಸೂಜಿಯಲ್ಲಿ ಕೆದಕುವುದು ಎಲ್ಲ ಒಟ್ಟಿಗೇ ತಪ್ಪಿತು. ಹೊಸ ಫಿಲ್ಟರಿನ ಜೊತೆಗೆ ಹೊಸ ರಬ್ಬರ್ ಗ್ಯಾಸ್ಕೆಟ್ ತಾನಾಗಿಯೇ ಬರುತ್ತದೆ. ಅಮೆರಿಕದ ಕಾರುಗಳು ಅದನ್ನು ಕೆಲವೇ ವರ್ಷಗಳಲ್ಲಿ ಅಪ್ಪಿಕೊಂಡವು.

ಬ್ರಿಟನ್ನಿನವರಿಗೆ ಅವಸರ ಇರಲಿಲ್ಲ. ಎಂಟು ವರ್ಷದ ನಂತರ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಿಂದ ಎಂಜಿಬಿ ಹೊರಬಂದಾಗ ಅದರಲ್ಲಿ ಹಳೆಯ ಡಬ್ಬಿಯೇ ನೇತಾಡುತ್ತಿತ್ತು. ಸಿಡ್ ಎನೆವರ್ ನೇತೃತ್ವದ ತಂಡ ರೂಪಿಸಿದ ಈ ಕಾರಿನ ಮೈ ಆಧುನಿಕವಾಗಿತ್ತು. ಪ್ರತ್ಯೇಕ ಚಾಸಿ ಇರಲಿಲ್ಲ, ಒಡಲೇ ಬಲ ಹೊರುವ ಕಟ್ಟಡ. ಎಂಜಿನ್ ಮಾತ್ರ ಮನೆಯಲ್ಲಿದ್ದದ್ದೇ. 1960ರ ದಶಕದ ಕೊನೆಯ ಹೊತ್ತಿಗೆ ಕಂಪನಿ ಆ ಡಬ್ಬಿಯನ್ನು ತಲೆಕೆಳಗು ಮಾಡಿತು. ಈಗ ಅದು ಮೇಲಿನಿಂದ ಕೈಗೆ ಸಿಗುತ್ತದೆ, ಕಾರಿನ ಕೆಳಗೆ ಮಲಗಬೇಕಿಲ್ಲ. ಆದರೆ ನೇತಾಡುವ ಲೋಟದಲ್ಲಿ ಆಯಿಲ್ ನಿಲ್ಲುತ್ತದೆ, ಕವುಚಿದ ಲೋಟದಲ್ಲಿ ನಿಲ್ಲುವುದಿಲ್ಲ. ರಾತ್ರಿಯೆಲ್ಲ ನಿಂತ ಕಾರಿನ ಫಿಲ್ಟರ್ ಖಾಲಿಯಾದರೆ, ಬೆಳಗ್ಗೆ ಅದು ಮತ್ತೆ ತುಂಬಿಕೊಳ್ಳುವವರೆಗೆ ಮೀಟರಿನ ಮುಳ್ಳು ಏಳುವುದಿಲ್ಲ. ಆ ಕೆಲವು ಸೆಕೆಂಡು ಬೇರಿಂಗುಗಳು ನಿನ್ನೆಯ ಆಯಿಲ್ ಪದರದ ಮೇಲೆ ಬದುಕುತ್ತವೆ. 1970ರ ದಶಕದಲ್ಲಿ ಬಂದ 18ವಿ ಎಂಜಿನ್ನುಗಳ ಕಾಲದಲ್ಲಿ ಕಂಪನಿಯೇ ಕೊನೆಗೆ ಸ್ಪಿನ್-ಆನ್ ಫಿಲ್ಟರಿಗೆ ಬಂತು.

ಈ ನಡುವೆ ಕಾರುಗಳಲ್ಲಿ ಹೆಚ್ಚಿನ ಪಾಲು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗಿದ್ದವು. ಅಲ್ಲಿನ ಯಜಮಾನರು ಹತ್ತಿರದ ಅಂಗಡಿಯಲ್ಲಿ ಸ್ಪಿನ್-ಆನ್ ಫಿಲ್ಟರ್ ಕೊಂಡು ನಿಮಿಷಗಳಲ್ಲಿ ಕೆಲಸ ಮುಗಿಸುವುದಕ್ಕೆ ಒಗ್ಗಿಹೋಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1948ರಿಂದಲೇ ಇದ್ದ ಮಾಸ್ ಮೋಟಾರ್ಸ್‌ನಂಥ ವ್ಯಾಪಾರಿಗಳು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗಕ್ಕಾಗಿಯೇ ಕ್ಯಾಟಲಾಗ್ ಅಚ್ಚು ಹಾಕುತ್ತಿದ್ದರು. 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿದ್ದವು. ಕಾರ್ಖಾನೆ ಸತ್ತಿತು, ಕಾರುಗಳು ಸಾಯಲಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಒಟ್ಟುಹಾಕಿ ಎಂಜಿಬಿಯ ಇಡೀ ಒಡಲನ್ನು ಮತ್ತೆ ತಯಾರಿಸಲು ಶುರುಮಾಡಿದ ಮೇಲಂತೂ, ತುಕ್ಕು ತಿಂದ ಕಾರಿಗೂ ಮರುಜನ್ಮ ಸಾಧ್ಯವಾಯಿತು. ಒಡಲೇ ಸಿಗುವಾಗ ಫಿಲ್ಟರಿನ ತಲೆ ಸಿಗದೇ ಇರುತ್ತದೆಯೇ?

ಸಿಗುತ್ತದೆ. ಕೊಳ್ಳುವವರು ಎಡವುವುದೂ ಅಲ್ಲಿಯೇ, ಮತ್ತು ಎಡವುವ ಕಲ್ಲು ಹೆಚ್ಚಾಗಿ ಥ್ರೆಡ್ಡು. ದೆಹಲಿಯ ಕಶ್ಮೀರಿ ಗೇಟಿನ ಅಂಗಡಿಗಳಲ್ಲಿ ಅದು ಚೂಡಿ, ಎಂದರೆ ಬಳೆ. ಬೋಲ್ಟಿನ ಮೈಮೇಲೆ ಸುತ್ತಿದ ಬಳೆಗಳ ಸಾಲು ಕಂಡವರು ಇಟ್ಟ ಹೆಸರು. ಮುಂಬೈ, ಪುಣೆಗಳ ಮರಾಠಿ ಮಿಸ್ತ್ರಿಗೆ ಅದು ಆಟೆ. ಚೆನ್ನೈಯ ಪುದುಪೇಟೆಯಲ್ಲಿ ಮರೈ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕನ್ನಡದವರು ಥ್ರೆಡ್ಡು ಎಂದೇ ಹೇಳುತ್ತಾರೆ, 'ಥ್ರೆಡ್ ಹೋಗಿದೆ' ಎಂದರೆ ಖರ್ಚು ಶುರುವಾಯಿತು ಎಂದು ಅರ್ಥ. ಎಂಜಿ ಕಾರುಗಳ ಕಥೆಯಲ್ಲಿ ಈ ಥ್ರೆಡ್ಡಿನ ಅಧ್ಯಾಯದಷ್ಟು ಸೊಗಸಾದದ್ದು ಇನ್ನೊಂದಿಲ್ಲ.

ಬ್ರಿಟನ್ನಿನಲ್ಲಿ 1841ರಿಂದ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಅಳತೆ ನಡೆಯುತ್ತಿತ್ತು. ಅದರ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದವರು 1864ರಲ್ಲಿ ವಿಲಿಯಂ ಸೆಲರ್ಸ್ ಸೂಚಿಸಿದ 60 ಡಿಗ್ರಿಯ ದಾರಿ ಹಿಡಿದರು. ಯೂರೋಪಿನ ನಡುನಾಡುಗಳದ್ದು ಮೆಟ್ರಿಕ್. ಇಷ್ಟಾದರೆ ನಕ್ಷೆ ಸ್ಪಷ್ಟ. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್ಕಿಸ್ ಕಂಪನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಒಂದು ಕಾರ್ಖಾನೆ ತೆರೆಯಿತು. ಅಲ್ಲಿನ ಯಂತ್ರಗಳು ಫ್ರೆಂಚ್ ಮೆಟ್ರಿಕ್ ಥ್ರೆಡ್ ಕೊರೆಯುವಂಥವು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನು ಕೊಂಡರು. ಯಂತ್ರಗಳನ್ನು ಬದಲಿಸಲು ದುಬಾರಿ, ಥ್ರೆಡ್ ಮೆಟ್ರಿಕ್ಕಾಗಿಯೇ ಉಳಿಯಿತು. ಆದರೆ ಇಂಗ್ಲಿಷ್ ಮೆಕ್ಯಾನಿಕ್ಕಿನ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಅದಕ್ಕೇ ಬೋಲ್ಟಿನ ಮೈಗೆ ಫ್ರೆಂಚ್ ಥ್ರೆಡ್, ತಲೆಗೆ ಇಂಗ್ಲಿಷ್ ಅಳತೆ. ಎಂಜಿಯ ಟಿಸಿ, ಟಿಡಿ, ಟಿಎಫ್ ಕಾರುಗಳ ಎಂಜಿನ್ನಿನಲ್ಲಿ ಈ ಬೆರಕೆ 1955ರವರೆಗೂ ಮುಂದುವರಿಯಿತು. ಭಾಷಾಶಾಸ್ತ್ರದವರು ಇಂಥದಕ್ಕೆ ಕ್ರಿಯೋಲ್ ಎನ್ನುತ್ತಾರೆ. ಒಂದು ನುಡಿಯ ವ್ಯಾಕರಣ, ಇನ್ನೊಂದರ ಪದಗಳು, ಮತ್ತು ಅದನ್ನೇ ಮಾತೃಭಾಷೆ ಮಾಡಿಕೊಂಡು ಬೆಳೆದ ಒಂದು ತಲೆಮಾರು.

ಎರಡನೇ ಮಹಾಯುದ್ಧ ಈ ಗೊಂದಲವನ್ನು ಸಹಿಸಲಾಗದಷ್ಟು ದೊಡ್ಡದು ಮಾಡಿತು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಒಪ್ಪಿಕೊಂಡಾಗ, ಬ್ರಿಟಿಷ್ ಥ್ರೆಡ್ ಕೊರೆಯುವ ಉಪಕರಣ ಆ ದೇಶದಲ್ಲಿ ಸಿಗದೆ ತಾನೇ ಅವನ್ನೂ ಮಾಡಿಕೊಳ್ಳಬೇಕಾಯಿತು. ಒಂದೇ ಕಡೆ ಹೋರಾಡುವ ಎರಡು ಸೈನ್ಯಗಳ ನಟ್ಟು ಬೋಲ್ಟುಗಳು ಒಂದಕ್ಕೊಂದು ಕೂರದ ಸ್ಥಿತಿ. ಯುದ್ಧ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮೂರೂ ವಾಷಿಂಗ್ಟನ್ನಿನಲ್ಲಿ ಒಂದು ಒಪ್ಪಂದಕ್ಕೆ ಬಂದವು. 60 ಡಿಗ್ರಿಯ, ಇಂಚಿನ ಲೆಕ್ಕದ ಹೊಸ ಥ್ರೆಡ್. ಹೆಸರು ಯೂನಿಫೈಡ್. ಅದರ ಸಣ್ಣ ಹಲ್ಲಿನ ಬಗೆಗೆ ಯುಎನ್‌ಎಫ್ ಎನ್ನುತ್ತಾರೆ. ಬಿ-ಸೀರೀಸ್ ಎಂಜಿನ್ ಈ ಒಪ್ಪಂದದ ನಂತರದ ಕೂಸು. ಎಂಜಿಎ, ಎಂಜಿಬಿ, ಅಂಬಾಸಡರ್ ಮೂರರ ಎಂಜಿನ್ನೂ ಯೂನಿಫೈಡ್ ಕುಲದ್ದು.

ಈ ಒಪ್ಪಂದದ ನೆರಳು ಇವತ್ತಿನ ಫಿಲ್ಟರಿನ ಬಾಯಿಯಲ್ಲೂ ಇದೆ. ಪ್ರಪಂಚದಾದ್ಯಂತ ಹೆಚ್ಚು ಬಳಕೆಯಲ್ಲಿರುವ ಸ್ಪಿನ್-ಆನ್ ಥ್ರೆಡ್ಡುಗಳಲ್ಲಿ ಒಂದು ಮುಕ್ಕಾಲು ಇಂಚಿನದು, ಇಂಚಿಗೆ 16 ಸುತ್ತು, ಯುಎನ್‌ಎಫ್. ಮೆಟ್ರಿಕ್ ದೇಶವಾದ ಜಪಾನಿನ ಟೊಯೊಟಾ ಕೂಡ ಅನೇಕ ಎಂಜಿನ್ನುಗಳಲ್ಲಿ ಇದನ್ನೇ ಬಳಸುತ್ತದೆ. ಅದೇ ಜಪಾನಿನ ಹೋಂಡಾ ಬಳಸುವುದು ಎಂ20, ಅಂದರೆ 20 ಮಿಲಿಮೀಟರ್ ಅಗಲ, ಸುತ್ತಿಗೆ ಒಂದೂವರೆ ಮಿಲಿಮೀಟರ್. ಎರಡು ಫಿಲ್ಟರುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎಂಜಿಬಿಗೆ ಸಿಗುವ ಅಡಾಪ್ಟರುಗಳು ಸಾಮಾನ್ಯವಾಗಿ ಇಂಚಿನವು. ಮೆಟ್ರಿಕ್ ಸ್ಟಡ್ ಇರುವ ಅಡಾಪ್ಟರುಗಳೂ ಮಾರುಕಟ್ಟೆಯಲ್ಲಿವೆ, ಎರಡು ಬಗೆಯ ಸ್ಟಡ್ಡನ್ನೂ ಪೊಟ್ಟಣದಲ್ಲಿಟ್ಟು ಕೊಡುವವರೂ ಇದ್ದಾರೆ.

ತಪ್ಪಾದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್. ಎಂ20 ಫಿಲ್ಟರಿನ ಒಳಗಿನ ಹಲ್ಲುಗಳ ತುದಿಯಿಂದ ತುದಿಗೆ ಸುಮಾರು 18.4 ಮಿಲಿಮೀಟರ್. ಅಂದರೆ ಇಂಚಿನ ಸ್ಟಡ್ಡಿನ ಹಲ್ಲು ಎಂ20 ಫಿಲ್ಟರಿನ ಹಲ್ಲನ್ನು ಒಂದೊಂದು ಬದಿಯಲ್ಲಿ ಕಚ್ಚುವುದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಮಾತ್ರ. ಸರಿಯಾದ ಜೋಡಿಯಲ್ಲಿ ಇದು ಸುಮಾರು 0.86 ಮಿಲಿಮೀಟರ್. ಹಿಡಿತ ಅರ್ಧಕ್ಕಿಂತ ಕಡಿಮೆ. ಮೇಲಾಗಿ ಸುತ್ತಿನ ನಡೆಯೂ ಬೇರೆ, ಇಂಚಿನದ್ದು 1.59, ಮೆಟ್ರಿಕ್ಕಿನದ್ದು 1.5. ಹಾಗಾಗಿ ಕಚ್ಚಿದ ಎಲ್ಲ ಹಲ್ಲುಗಳ ಮೇಲೂ ಭಾರ ಸಮನಾಗಿ ಬೀಳುವುದಿಲ್ಲ. ಆದರೂ ಫಿಲ್ಟರ್ ಸ್ಟಡ್ಡಿನ ಮೇಲೆ ಹೋಗುತ್ತದೆ, ಸ್ವಲ್ಪ ಸಡಿಲ ಅನ್ನಿಸಬಹುದು, ರಬ್ಬರಿಗೆ ತಾಗಿ ಬಿಗಿಯಾಗಿ ನಿಂತಂತೆಯೂ ಆಗುತ್ತದೆ. ಇದರ ಅಪಾಯವೇ ಅದು. ತಿರುಗುಮುರುಗಾದ ತಪ್ಪಿನಲ್ಲಿ, ಮೆಟ್ರಿಕ್ ಸ್ಟಡ್ಡಿನ ಮೇಲೆ ಇಂಚಿನ ಫಿಲ್ಟರ್ ಹತ್ತುವುದೇ ಇಲ್ಲ, ತಪ್ಪು ತಕ್ಷಣ ತಿಳಿಯುತ್ತದೆ.

ಎಂಜಿಬಿಯಲ್ಲಿ ಓಡುವಾಗಿನ ಆಯಿಲ್ ಒತ್ತಡ 50ರಿಂದ 80 ಪಿಎಸ್‌ಐ. ಫಿಲ್ಟರಿನ ರಬ್ಬರ್ ಗ್ಯಾಸ್ಕೆಟಿನ ಅಗಲ ಆರೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ, 80 ಪಿಎಸ್‌ಐನಲ್ಲಿ ಫಿಲ್ಟರನ್ನು ಸ್ಟಡ್ಡಿನಿಂದ ಕೀಳಲು ಎಳೆಯುವ ಬಲ 180 ಕೆಜಿ ದಾಟುತ್ತದೆ. ಇಬ್ಬರು ದೊಡ್ಡವರು ಅದರಿಂದ ಜೋತುಬಿದ್ದ ಹಾಗೆ. ಅಷ್ಟನ್ನೂ ತಡೆದು ನಿಲ್ಲಬೇಕಾದದ್ದು ಆ ಮೂರನೇ ಒಂದು ಮಿಲಿಮೀಟರಿನ ಕಚ್ಚು. ಗ್ಯಾರೇಜಿನಲ್ಲಿ ನಿಂತಲ್ಲೇ ಎಂಜಿನ್ ತಿರುಗಿಸಿದಾಗ ಹಿಡಿದುಕೊಂಡದ್ದು, ಹೆದ್ದಾರಿಯಲ್ಲಿ ವೇಗ ಏರಿದಾಗ ಜಾರಿಬಿಟ್ಟರೆ ಸುಮಾರು 4 ಲೀಟರ್ ಆಯಿಲ್ ರಸ್ತೆಗೆ ಚೆಲ್ಲಿಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಅಷ್ಟರೊಳಗೆ ಚಾಲಕ ಮೀಟರ್ ನೋಡಿ ಎಂಜಿನ್ ನಿಲ್ಲಿಸದಿದ್ದರೆ ಕ್ರ್ಯಾಂಕ್ ಶಾಫ್ಟಿನ ಬೇರಿಂಗ್ ಉಳಿಯುವುದಿಲ್ಲ. ಹಿಂದೆ ಬರುವ ಬೈಕಿನವನ ಗತಿ ಬೇರೆಯೇ.

ಉಳಿದ ಆಯ್ಕೆಗಳನ್ನು ಇಷ್ಟು ಭಯವಿಲ್ಲದೆ ನೋಡಬಹುದು. ಎಲ್ಲಕ್ಕಿಂತ ಅಗ್ಗದ್ದು ಹಳೆಯ ತಲೆಯನ್ನೇ ಉಳಿಸಿಕೊಂಡು, ಡಬ್ಬಿಯ ಜಾಗದಲ್ಲಿ ಕೂರುವ ಒಂದು ಲೋಹದ ತಟ್ಟೆ. ಟೊಳ್ಳು ಬೋಲ್ಟೊಂದು ಅದನ್ನು ತಲೆಗೆ ಬಿಗಿಯುತ್ತದೆ, ತಟ್ಟೆಯ ಕೆಳಗೆ ಹೊಸ ಫಿಲ್ಟರ್. ತಮಾಷೆಯೆಂದರೆ, ಈ ತಟ್ಟೆಯೂ ಕೂರುವುದು ಅದೇ ಹಳೆಯ ಗಾಡಿಯೊಳಗೆ, ಅದೇ ಬಗೆಯ ರಬ್ಬರ್ ರಿಂಗಿನ ಮೇಲೆ. ಸೂಜಿಯ ಕೆಲಸ ಒಂದು ಸಲವಾದರೂ ಮಾಡಲೇಬೇಕು. ಆ ಒಂದು ಸಲ ಸರಿಯಾಗಿ ಮಾಡಿದರೆ ಮತ್ತೆ ಬಿಚ್ಚಬೇಕಿಲ್ಲ. ಅವಸರದಲ್ಲಿ ಮಾಡಿದರೆ ಹೊಸ ಫಿಲ್ಟರಿನ ಮೇಲೆ ಹಳೆಯ ಸೋರಿಕೆ. ಅಲ್ಯೂಮಿನಿಯಂ ತಟ್ಟೆಯನ್ನು ಉಕ್ಕಿನ ಬೋಲ್ಟಿಗೆ ಬಿಗಿಯುವಂತೆ ಬಿಗಿದು ಥ್ರೆಡ್ ಕಿತ್ತವರೂ ಉಂಟು.

ಬಣ್ಣಬಣ್ಣದ ಹೊಳಪಿನ ತಟ್ಟೆಗಳಿಗಿಂತ ಬುದ್ಧಿವಂತಿಕೆಯ ಆಯ್ಕೆ ಬಹುಶಃ ಎಂಜಿಬಿಯದೇ ನಂತರದ ಮಾದರಿಯ ತಲೆ. ಅದು ಅದೇ ಎಂಜಿನ್ನಿಗಾಗಿ, ಅದೇ ಕಂಪನಿಯ ಎಂಜಿನಿಯರುಗಳು ಮಾಡಿದ್ದು. ಬ್ಲಾಕಿನ ಮೇಲೆ ನೇರವಾಗಿ ಕೂರುತ್ತದೆ, ಹಳೆಯ ಗಾಡಿಯ ಉಸಾಬರಿಯೇ ಇಲ್ಲ. ನೋಡಬೇಕಾದದ್ದು ಫಿಲ್ಟರಿನ ಬಾಯಿ ಯಾವ ಕಡೆ ತಿರುಗುತ್ತದೆ ಎಂಬುದನ್ನು. ಬಾಯಿ ಮೇಲಾಗಿ ನೇತಾಡುವ ಜೋಡಣೆಯಲ್ಲಿ ಹೊಸ ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿ ಕೂರಿಸಬಹುದು. ಮೊದಲ ಸ್ಟಾರ್ಟಿನಲ್ಲೇ ಬೇರಿಂಗಿಗೆ ಆಯಿಲ್ ಹೋಗುತ್ತದೆ. ಬಾಯಿ ಕೆಳಗಾದರೆ ಅದು ಆಗದ ಕೆಲಸ, ಮತ್ತು ಆಗ ಫಿಲ್ಟರಿನೊಳಗೆ ಆಯಿಲ್ ಹಿಂದೆ ಇಳಿಯದಂತೆ ತಡೆಯುವ ರಬ್ಬರ್ ಪರದೆ ಇರಲೇಬೇಕು. ಎಲ್ಲ ಫಿಲ್ಟರುಗಳಲ್ಲೂ ಅದು ಇರುವುದಿಲ್ಲ, ಇದ್ದರೂ ಅಗ್ಗದ ರಬ್ಬರ್ ಬಿಸಿಗೆ ಗಟ್ಟಿಯಾಗಿ ಕೆಲಸ ಬಿಡುತ್ತದೆ. ಬೈಪಾಸ್ ವಾಲ್ವಿನ ಪ್ರಶ್ನೆ ಎದುರಾಗುವುದೂ ಇಲ್ಲೇ. ತಲೆಯಲ್ಲೂ ಇಲ್ಲ, ಫಿಲ್ಟರಿನಲ್ಲೂ ಇಲ್ಲ ಎಂಬ ಜೋಡಿಯನ್ನು ಅರಿಯದೆ ಮಾಡಿಬಿಡುವುದು ತುಂಬಾ ಸುಲಭ.

ಮೂರನೆಯದು ರೇಸಿನವರ ಚಟ. ಎಂಜಿನ್ನಿನ ಮೇಲೆ ಒಂದು ತಟ್ಟೆ, ಅದರಿಂದ ಎರಡು ಹೋಸು, ಫಿಲ್ಟರ್ ದೂರದಲ್ಲಿ ಒಳಗೋಡೆಯ ಮೇಲೆ. ನೋಡಲು ಚೆಂದ, ಬದಲಿಸಲು ಸುಲಭ. ಆದರೆ ಸೋರಬಹುದಾದ ಜಾಗಗಳ ಸಂಖ್ಯೆ ಒಂದರಿಂದ ಐದಾರಕ್ಕೆ ಏರುತ್ತದೆ. ಎಂಜಿಬಿಯಲ್ಲಿ ಆಯಿಲ್ ಕೂಲರಿಗೆಂದು ಬ್ಲಾಕಿನ ಹಿಂಭಾಗದಿಂದ ಕೂಲರಿಗೆ, ಅಲ್ಲಿಂದ ಫಿಲ್ಟರಿನ ತಲೆಗೆ ಆಗಲೇ ಹೋಸುಗಳಿವೆ, ಇನ್ನೆರಡು ಸೇರಿಸುವ ಅಗತ್ಯ ರಸ್ತೆಯ ಕಾರಿಗೆ ಇಲ್ಲ. ಇನ್ನೂ ದೊಡ್ಡ ತೊಂದರೆ, ಎರಡು ಹೋಸುಗಳು ಅದಲುಬದಲಾಗುವುದು. ಸ್ಪಿನ್-ಆನ್ ಫಿಲ್ಟರಿಗೆ ಆಯಿಲ್ ಅಂಚಿನ ಸಣ್ಣ ತೂತುಗಳಿಂದ ಒಳಗೆ ಹೋಗಿ ನಡುವಿನಿಂದ ಹೊರಬರಬೇಕು. ತಿರುಗುಮುರುಗಾದರೆ, ಹಿಂದೆ ಇಳಿಯದಿರಲೆಂದು ಇಟ್ಟ ಆ ರಬ್ಬರ್ ಪರದೆಯೇ ಬಾಗಿಲು ಮುಚ್ಚಿಬಿಡುತ್ತದೆ. ಪಂಪ್ ಓಡುತ್ತದೆ, ಆಯಿಲ್ ಬೇರಿಂಗಿಗೆ ತಲುಪುವುದಿಲ್ಲ. ತಟ್ಟೆಯ ಮೇಲೆ ಬಾಣದ ಗುರುತು ಇದ್ದರೆ ಅದೃಷ್ಟ. ಇಲ್ಲದಿದ್ದರೆ ಬಾಯಿಯಿಂದ ಊದಿ ನೋಡಿಯೇ ಜೋಡಿಸಬೇಕು.

ಹಳೆಯ ಕಾರುಗಳ ಸ್ಪರ್ಧೆಗಳಲ್ಲಿ ಅಂಕ ಹಾಕುವವರಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. 1963ರ ಕಾರಿನಲ್ಲಿ ಸ್ಪಿನ್-ಆನ್ ಫಿಲ್ಟರ್ ಕಂಡರೆ ಅಂಕ ಕಡಿತ. ಕಾರನ್ನು ನಿಜವಾಗಿ ಓಡಿಸುವವರು ಇದನ್ನು ಲೆಕ್ಕಿಸುವುದಿಲ್ಲ, ಲೆಕ್ಕಿಸಬೇಕಾಗಿಯೂ ಇಲ್ಲ. ಫಿಲ್ಟರಿನ ತಲೆ ಎರಡು ಬೋಲ್ಟಿನ ಮಾತು, ಯಾವಾಗ ಬೇಕಾದರೂ ಹಳೆಯದಕ್ಕೆ ಮರಳಬಹುದು. ಹಾಗಾಗಿ ಅನುಭವಿ ಯಜಮಾನರು ಬಿಚ್ಚಿದ ಡಬ್ಬಿಯನ್ನು ಎಸೆಯುವುದಿಲ್ಲ. ಉದ್ದ ಬೋಲ್ಟು, ಸ್ಪ್ರಿಂಗು, ವಾಷರು, ತಟ್ಟೆ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಡಬ್ಬಿಯೊಳಗೆ ಇಟ್ಟು, ಮೇಲೊಂದು ಚೀಟಿ ಅಂಟಿಸಿ, ಗ್ಯಾರೇಜಿನ ಅಟ್ಟದ ಮೇಲೆ ಇಡುತ್ತಾರೆ. ಕಾರು ಮಾರುವ ದಿನ ಅದೂ ಡಿಕ್ಕಿಯಲ್ಲಿ ಕೂತು ಹೊಸ ಮನೆಗೆ ಹೋಗುತ್ತದೆ.